ಮಳೆಗೆ ಮೊದಲು ಮೋರಿ

ಹಿರಿಯರೆ, ಗೆಳೆಯರೆ, ಕಾಲೇಜಿನಿಂದ ನೇರವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ತಮ್ಮ ತಂಗಿಯರೆ, ಎಲ್ಲರಿಗೂ ನಮಸ್ಕಾರ.

ಇವತ್ತು ಏಪ್ರಿಲ್ 18, ವಿಶ್ವ ಪರಂಪರೆ ದಿನ. ಗದಗಿನಲ್ಲಿ ಈ ದಿನ ಮಾತಾಡುವವರು ಲಕ್ಕುಂಡಿಯನ್ನು ಹೊಗಳಿ ಶುರು ಮಾಡುತ್ತಾರೆ. ನಾನು ಅದನ್ನು ಬಿಡುತ್ತೇನೆ. ಅಲ್ಲಿನ ಜೈನ ಬಸದಿ ಬ್ರಹ್ಮ ಜಿನಾಲಯವನ್ನು ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು ಅನ್ನೋದು ಈ ಸಭೆಯಲ್ಲಿ ಯಾರಿಗೆ ಗೊತ್ತಿಲ್ಲ? ನನ್ನ ಅವಸರ ಬೇರೆ. ಮುಂಗಾರಿಗೆ ಇನ್ನು ಒಂದೂವರೆ ತಿಂಗಳು. ಅಡ್ಡಮಳೆ ಅದಕ್ಕೂ ಮೊದಲೇ ಬರುತ್ತದೆ. ಅಷ್ಟರೊಳಗೆ ನಿಮ್ಮಿಂದ ಒಂದು ಕೆಲಸ ಆಗಬೇಕು.

ನಿಮ್ಮಲ್ಲಿ ಬಹಳ ಜನ ಭಾನುವಾರ ಶ್ರಮದಾನಕ್ಕೆ ಹೋಗುವವರು. ಗುಡಿ ಮುಂದೆ ಇಳಿದ ಕೂಡಲೇ ಕೈ ಹೋಗುವುದು ಬ್ರಷ್ಷಿಗೆ. ಗೋಡೆ ಕಪ್ಪಾಗಿದೆ, ಉಜ್ಜಿದರೆ ಬೆಳ್ಳಗಾಗುತ್ತದೆ, ಫೋಟೋದಲ್ಲೂ ಚಂದ ಕಾಣುತ್ತದೆ. ದಯವಿಟ್ಟು ಉಜ್ಜಬೇಡಿ. ನಮ್ಮ ಕಡೆಯ ಚಾಲುಕ್ಯರ ಗುಡಿಗಳ ಕಲ್ಲು ಮೆತ್ತನೆಯದು, ಬಳಪದ ಕಲ್ಲಿನ ಜಾತಿ. ಮೆತ್ತಗಿದ್ದದ್ದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ಅದರ ಮೇಲೆ ತಂತಿ ಬ್ರಷ್ ಎಳೆದರೆ ಶಿಲ್ಪಿ ಕೊರೆದ ಸರದ ಮಣಿಗಳೇ ಸವೆದು ಹೋಗುತ್ತವೆ. ಆಸಿಡ್ ಅಂತೂ ಬೇಡವೇ ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲು ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ನೋಡಿ. ನನ್ನ ಮಾತೆಲ್ಲ ಇದೊಂದೇ. ಚಾವಣಿ ಮೇಲೆ ಎಲೆ ಬಿದ್ದು ನೀರು ಹೋಗುವ ತೂತು ಮುಚ್ಚಿರುತ್ತದೆ. ನಿಂತ ನೀರು ಸಂದಿಗೆ ಇಳಿಯುತ್ತದೆ. ಆ ಸಂದಿಯಲ್ಲಿ ಹಕ್ಕಿ ಹಿಕ್ಕೆಯಿಂದ ಬಿದ್ದ ಅರಳಿ ಬೀಜ ಮೊಳೆಯುತ್ತದೆ. ಬೆರಳುದ್ದ ಇರುವಾಗ ಕಿತ್ತರೆ ಮುಗಿಯಿತು. ಬೇರು ಕಲ್ಲಿನೊಳಗೆ ಹೋದ ಮೇಲೆ ಜಗ್ಗಿದರೆ ಗಿಡದ ಜೊತೆ ಗೋಡೆಯೂ ಬರುತ್ತದೆ. ಕೆಳಗೆ ಗುಡಿ ಸುತ್ತ ಮಣ್ಣು ಏರಿ, ಮಳೆ ನೀರು ಅಡಿಪಾಯಕ್ಕೇ ತಿರುಗಿರುತ್ತದೆ. ಗೋಡೆಯ ಕಪ್ಪೂ ಬಹಳ ಸಲ ಈ ತೇವದ ಕಪ್ಪೇ. ಉಜ್ಜಿ ಬಂದರೆ ಮುಂದಿನ ಶ್ರಾವಣಕ್ಕೆ ಮತ್ತೆ ಅಷ್ಟೇ ಕಪ್ಪು.

ಒಂದು ಪ್ರಸಂಗ ಹೇಳುತ್ತೇನೆ, ಕೆಲವರು ಮೊದಲೇ ಕೇಳಿರಬಹುದು. ಇದೇ ಜಿಲ್ಲೆಯ ಒಂದು ಸಣ್ಣ ಊರು. ಅಲ್ಲೊಂದು ಹಳೆಯ ಮೆಟ್ಟಿಲು ಬಾವಿ. ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ ಮೆಟ್ಟಿಲ ನಡುವೆ ಪುಟ್ಟ ಪುಟ್ಟ ಗುಡಿಗಳಿವೆಯಲ್ಲ, ಅಂಥ ವೈಭವ ಇಲ್ಲಿಲ್ಲ. ಸಾದಾ ಬಾವಿ. ಊರ ಹುಡುಗರು ಪಂಚಾಯ್ತಿಯವರನ್ನು ಒಪ್ಪಿಸಿ ಹೂಳು ತೆಗೆಯಲು ನಿಂತರು. ನನ್ನನ್ನೂ ಕರೆದಿದ್ದರು. ಏನೆಲ್ಲ ಬಂತು ಅಂತೀರಿ! ಪ್ಲಾಸ್ಟಿಕ್ ಚೀಲ, ತೆಂಗಿನ ಚಿಪ್ಪು, ಒಡೆದ ಗಾಜಿನ ದೇವರ ಫೋಟೋಗಳು. ಮನೆಯಲ್ಲಿ ಇಡಲಾಗದ ದೇವರನ್ನೆಲ್ಲ ನಾವು ಬಾವಿಗೆ ಹಾಕುತ್ತೇವೆ, ಅಲ್ವಾ?

ಸಂಜೆ ಹೊತ್ತಿಗೆ ಮೆಟ್ಟಿಲು ಕಂಡವು. ಹುಡುಗರು ಕುಣಿದಾಡುತ್ತಿದ್ದರು. ಅಷ್ಟೊತ್ತಿಗೆ ಒಬ್ಬ ಮುದುಕಿ ಬಂದು ದಂಡೆ ಮೇಲೆ ಕೂತಳು. ಎಲೆ ಅಡಿಕೆ ಹಾಕಿಕೊಂಡಳು. ಬಹಳ ಹೊತ್ತು ನೋಡಿ ಕೇಳಿದಳು: "ತಮ್ಮಾ, ಭಾವಿ ಬಾಯಿ ತೊಳದ್ರಿ, ಛಲೋ ಆತು. ಹೊಟ್ಟಿಗೆ ಏನ್ ಹಾಕ್ತೀರಿ?"

ಯಾರಿಗೂ ಅರ್ಥವಾಗಲಿಲ್ಲ. ಆಕೆ ಎದ್ದು, ನಮ್ಮನ್ನೆಲ್ಲ ಕರೆದುಕೊಂಡು ಬಾವಿಯ ಹಿಂದಿನ ಜಾಲಿ ಪೊದೆ ತೋರಿಸಿದಳು. ಮದುವೆಯಾಗಿ ಬಂದ ಹೊಸದರಲ್ಲಿ, ದೊಡ್ಡ ಮಳೆಯಾದಾಗ ಏರಿನ ನೀರು ಅಲ್ಲಿಂದಲೇ ಬಾವಿಗೆ ಬೀಳುತ್ತಿತ್ತಂತೆ. ಮರುದಿನ ಜಾಲಿ ಕಡಿದು ಅಗೆದರು. ಕಲ್ಲು ಹಾಸಿದ ಮೋರಿ! ಮಣ್ಣು ತುಂಬಿತ್ತು, ಆದರೆ ಒಂದು ಕಲ್ಲೂ ಅಲುಗಿರಲಿಲ್ಲ. ಅದನ್ನು ಬಿಡಿಸಿದ ಮೇಲೇ ಮಳೆಗಾಲದಲ್ಲಿ ಬಾವಿಗೆ ನೀರು ಬಂತು. ಅಜ್ಜಿ ಸುಮ್ನೆ ಹೇಳಿ ಹೋಗಲಿಲ್ಲ ಮತ್ತೆ. "ಆ ಹೂಳು ನನ್ನ ಹೊಲಕ್ಕ ಹೊಡಸ್ರಿ" ಅಂತ ಕರಾರು ಹಾಕಿದಳು. ನಗಬೇಡಿ, ಸರಿಯಾದ ಕರಾರು. ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ. ಹುಡುಗರು ಮಾತ್ರ ಬುಟ್ಟಿ ಬುಟ್ಟಿ ನೋಡಿಯೇ ಟ್ರ್ಯಾಕ್ಟರಿಗೆ ಹಾಕಿದರು. ಹಾಗೆ ನೋಡಿದ್ದಕ್ಕೇ ಒಂದು ಒಡೆದ ನಾಗರಕಲ್ಲು ಸಿಕ್ಕಿತು. ಸಿಕ್ಕ ಜಾಗದ ಫೋಟೋ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸಿದರು. ತೊಳೆಯಲಿಲ್ಲ, ಎಣ್ಣೆ ಹಚ್ಚಲಿಲ್ಲ, ಬಣ್ಣ ಬಳಿಯಲಿಲ್ಲ.

ಊರಿನ ಅಜ್ಜಿಯರನ್ನು ಕೇಳದೆ ಗುದ್ದಲಿ ಎತ್ತಬೇಡಿ ಅಂತ ನಾನು ಅದಕ್ಕೇ ಹೋದಲ್ಲೆಲ್ಲ ಹೇಳುವುದು. ನೀರಿನ ದಾರಿ ಗೊತ್ತಿರುವುದು ಅವರಿಗೆ.

ಇನ್ನು ಸಿಮೆಂಟಿನ ಮಾತು. ಗುಡಿ ಕಮಿಟಿಯವರು ಭಕ್ತಿಯಿಂದಲೇ ಸಂದಿಗೆ ಸಿಮೆಂಟ್ ತುಂಬುತ್ತಾರೆ. ಗೋಡೆಯೊಳಗಿನ ತೇವ ಆ ಸಿಮೆಂಟನ್ನು ದಾಟಿ ಹೊರಗೆ ಬರಲಾರದು. ಪಕ್ಕದ ಕಲ್ಲಿನಿಂದ ಬರುತ್ತದೆ. ಬರುವಾಗ ಉಪ್ಪು ತರುತ್ತದೆ, ಆ ಉಪ್ಪು ಗಟ್ಟಿಯಾಗಿ ಕಲ್ಲನ್ನು ಪಕಳೆ ಪಕಳೆಯಾಗಿ ಎಬ್ಬಿಸುತ್ತದೆ. ಮತ್ತೆ ನೀರಿನ ಕಥೆಯೇ ನೋಡಿ. ಇಂಥ ಕಡೆ ಸುಣ್ಣದ ಗಾರೆ ಬೇಕು. ಅದನ್ನೂ ತಿಳಿದವರು ಮಾಡಬೇಕು, ನಾವು ಗಾರೆ ಹೊತ್ತು ಕೊಡೋಣ.

ಕಾನೂನೂ ಗೊತ್ತಿರಲಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಸುತ್ತ 100 ಮೀಟರ್ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ. ಅಲ್ಲಿ ಹುಲ್ಲು ತೆಗೆಯುವುದಕ್ಕೂ ಕೇಳಿಕೊಂಡೇ ಹೋಗಿ. ಪತ್ರ ಬರೆದು ಕಾಯುವುದೂ ಸೇವೆಯೇ. ಯಾವ ಪಟ್ಟಿಯಲ್ಲೂ ಇಲ್ಲದ ವೀರಗಲ್ಲು, ಮಾಸ್ತಿಕಲ್ಲು, ಬಾವಿಗಳು ಊರೂರಲ್ಲಿವೆ. ಬಟ್ಟೆ ಒಗೆಯುವ ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ, ಅಕ್ಷರ ಇದ್ದರೂ ಇರಬಹುದು. ನಿಮ್ಮ ಕೈ ಜಾಸ್ತಿ ಬೇಕಾಗಿರುವುದು ಇವುಗಳಿಗೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ಕೆರೆ, ಕಾಡಿನ ಬಗ್ಗೆ ಬರೆದುಕೊಂಡು ಬಂದಿದ್ದೆ, ಓಡಿಸುತ್ತೇನೆ. ನಮ್ಮ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಸೇರಿತು. ಪಟ್ಟೆ ತಲೆಯ ಹೆಬ್ಬಾತುಗಳು ಅಲ್ಲಿಗೆ ಬರುವುದು ಚಳಿಗಾಲಕ್ಕೆ. ದಂಡೆ ಸ್ವಚ್ಛ ಮಾಡುವವರು ಅವು ಹೋದ ಮೇಲೆ ಹೋಗಿ, ಅಂದರೆ ಈಗ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಪ್ಲಾಸ್ಟಿಕ್ ಆರಿಸಿ, ಸಾಕು. ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ ಹುಲ್ಲುಬಯಲು ಬೇಕು. ಅಲ್ಲಿಗೆ ಸಸಿ ಹಿಡಿದುಕೊಂಡು ಹೋಗಬೇಡಿ. ಬಂಕಾಪುರದ ನವಿಲು ಧಾಮದ ವಿಷಯ ಇವತ್ತು ಆಗುವುದಿಲ್ಲ, ಹಾವೇರಿಯ ಗೆಳೆಯರು ಕ್ಷಮಿಸಬೇಕು.

ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನಿಮ್ಮ ಊರು, ಅಲ್ಲಿನ ಬಾವಿ ಅಥವಾ ಗುಡಿ, ಮಳೆ ನೀರು ಈಗ ಅಲ್ಲಿ ಎಲ್ಲಿ ನಿಲ್ಲುತ್ತದೆ, ಇಷ್ಟು ಬರೆಯಿರಿ. ಗೊತ್ತಿಲ್ಲದಿದ್ದರೆ ಮೊದಲ ಮಳೆಗೆ ಕೊಡೆ ಹಿಡಿದುಕೊಂಡು ಹೋಗಿ ನೋಡಿ ಬಂದು ಬರೆಯಿರಿ. ಆಳದ ಬಾವಿಗೆ ಒಬ್ಬರೇ ಇಳಿಯಬೇಡಿ, ಒಳಗೆ ಕೆಟ್ಟ ಗಾಳಿ ಇರುತ್ತದೆ. ಈಗ ಪ್ರಶ್ನೆ ಕೇಳಿ. ಹಿಂದಿನ ಸಾಲಿನಲ್ಲಿ ಒಬ್ಬ ತಂಗಿ ಆಗಲೇ ಕೈ ಎತ್ತಿದ್ದಾಳೆ, ಮೈಕ್ ಅವಳಿಗೆ ಕೊಡಿ.