ಹೃದಯಾಘಾತದ ನಂತರ: ಆ ಒಬ್ಬರು ಯಾರು?

ಕೇಳುಗರಿಗೆ ನಮಸ್ಕಾರ.

ಹೃದಯಾಘಾತವಾಗಿ, ಹೃದಯದ ರಕ್ತನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರು, ಅವರನ್ನು ನೋಡಿಕೊಳ್ಳುವ ಮನೆಮಂದಿ, ನಿಮ್ಮ ಜೊತೆ ಇವತ್ತು ನನ್ನ ಮಾತು. ಎದೆನೋವು ಮತ್ತೆ ಬಂದರೆ ಯಾರನ್ನೂ ಕೇಳುತ್ತ ಕೂರಬೇಡಿ, ಆಂಬುಲೆನ್ಸ್ ಕರೆಸಿ. ಆದರೆ ತಲೆ ಸುತ್ತಿದರೆ? ಮೆಟ್ಟಿಲು ಹತ್ತಬಹುದೋ ಬೇಡವೋ ಎಂಬ ಅನುಮಾನ ಬಂದರೆ? ‘ಡಾಕ್ಟರನ್ನು ಕೇಳ್ತೀವಿ’ ಅನ್ನಬೇಡಿ. ಯಾವ ಡಾಕ್ಟರು? ಸ್ಟೆಂಟ್ ಹಾಕಿದವರೋ, ಸಕ್ಕರೆ ಕಾಯಿಲೆ ನೋಡುವವರೋ, ಮನೆ ಹತ್ತಿರದವರೋ? ಇವರೆಲ್ಲರ ಮಾತನ್ನೂ ಒಂದೆಡೆ ಸೇರಿಸುವ ಒಬ್ಬರು ಬೇಕು. ನರ್ಸ್ ಆಗಲಿ, ಫಿಸಿಯೋಥೆರಪಿಸ್ಟ್ ಆಗಲಿ, ಒಬ್ಬರು.

ಹೃದಯಾಘಾತದಿಂದ ಚೇತರಿಸಿಕೊಳ್ಳುವವರ ನಮ್ಮ ವ್ಯಾಯಾಮ ಕೇಂದ್ರಕ್ಕೆ ನಿವೃತ್ತ ಮೇಷ್ಟ್ರೊಬ್ಬರು ಬರುತ್ತಿದ್ದರು. ಮೂರನೆಯ ವಾರ ಒಂದು ದಿನ ಸೈಕಲ್ ಹತ್ತಿಸುವ ಮುಂಚೆ ನಾಡಿ ಹಿಡಿದರೆ ನಿಮಿಷಕ್ಕೆ ಬರೀ 44. ‘ಎಲ್ಲ ನಿಮ್ಮ ವ್ಯಾಯಾಮದ ಮಹಿಮೆ’ ಅಂತ ಮೇಷ್ಟ್ರು ನಕ್ಕರು. ನಾನು ನಗಲಿಲ್ಲ. ‘ಏಳುವಾಗ ಕಣ್ಣು ಕತ್ತಲೆ ಬರುತ್ತಾ ಸಾರ್?’ ಅಂದೆ. ‘ವಯಸ್ಸಾಯ್ತಲ್ಲಮ್ಮ’ ಅಂದರು. ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ. ಮಾತ್ರೆಯ ಚೀಲ ಸದಾ ಅವರ ಮಡಿಲಲ್ಲೇ. ಮೇಜಿನ ಮೇಲೆ ಸುರಿಸಿದೆ. ಮಾತ್ರೆಯ ಎರಡು ಸ್ಟ್ರಿಪ್ಪಿನ ಮೇಲೆ ದಪ್ಪಕ್ಷರದಲ್ಲಿ ಎರಡು ಬೇರೆ ಬೇರೆ ಹೆಸರು. ಕನ್ನಡಕ ಏರಿಸಿ ಕೆಳಗಿನ ಸಣ್ಣಕ್ಷರ ಓದಿದರೆ ಎರಡರಲ್ಲೂ ಮೆಟೊಪ್ರೊಲಾಲ್! ನಾಡಿಬಡಿತ ಇಳಿಸುವ ಮಾತ್ರೆ ಅದು. ಒಂದು ಬಿಪಿಗೆಂದು ಹಿಂದಿನಿಂದ ನುಂಗುತ್ತಿದ್ದದ್ದು, ಇನ್ನೊಂದು ಆಸ್ಪತ್ರೆಯಿಂದ ಬಂದದ್ದು. ಆ ತಾಯಿ ಎರಡನ್ನೂ ಗಡಿಯಾರ ನೋಡಿಕೊಂಡು, ಒಂದು ಹೊತ್ತೂ ತಪ್ಪಿಸದೆ ಕೊಟ್ಟಿದ್ದರು, ಪಾಪ. ಬಿಪಿ ಡಾಕ್ಟರು ಬರೆದದ್ದು ಸರಿ, ಆಸ್ಪತ್ರೆಯವರು ಬರೆದದ್ದೂ ಸರಿ. ಎರಡು ಚೀಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದವರೇ ಇಲ್ಲ! ಅಲ್ಲಿಂದಲೇ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಒಂದನ್ನು ನಿಲ್ಲಿಸಿದೆವು.

ಹಾಗಂತ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಜೋಡಿ ಮಾತ್ರೆ ಸಾಮಾನ್ಯವಾಗಿ 12 ತಿಂಗಳು. ಹಲ್ಲು ಕೀಳಿಸುವಾಗ ರಕ್ತ ನಿಲ್ಲದೇನೋ ಎಂದು ಹೆದರಿ ನೀವೇ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟೀತು. ಮೊದಲು ಆ ಒಬ್ಬರಿಗೆ ಫೋನ್ ಮಾಡಿ.

ಮಲಗಿಸಿಯೇ ಇಡುವ ಮನೆಯವರಿಗೂ ಒಂದು ಮಾತು. ಹಿಂದೆ ವಾರಗಟ್ಟಲೆ ಹಾಸಿಗೆಯೇ ಚಿಕಿತ್ಸೆಯಾಗಿತ್ತು. ಅಮೆರಿಕದ ವೈದ್ಯರಾದ ಲೆವಿನ್ ಮತ್ತು ಲೌನ್ ರೋಗಿಗಳನ್ನು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ ಅನುಭವ ಬರೆದದ್ದು 1952ರಲ್ಲಿ. 70 ವರ್ಷ ದಾಟಿತು, ನೀವಿನ್ನೂ ‘ಏಳಬೇಡಿ’ ಅನ್ನುತ್ತಿದ್ದೀರಿ! ನಡೆಯಲಿ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಸಮಯ ಮುಗಿಯುತ್ತ ಬಂತು. ಮನಸ್ಸು ಕುಗ್ಗುವುದು, ಬೀಡಿ ಸಿಗರೇಟು ಬಿಡುವುದು, ಕೆಲಸಕ್ಕೆ ಮರಳುವುದು ಎಲ್ಲ ಉಳಿದೇಹೋಯಿತು. ಅವನ್ನೂ ಆ ಒಬ್ಬರನ್ನೇ ಕೇಳಿ. ಡಿಸ್ಚಾರ್ಜ್ ದಿನ ಅವರ ಹೆಸರು, ಫೋನ್ ನಂಬರು, ಮುಂದಿನ ಭೇಟಿಯ ತಾರೀಕು ಬರೆಸಿಕೊಳ್ಳಿ. ‘ಅಂಥವರು ನಮ್ಮಲ್ಲಿಲ್ಲ’ ಅಂದರೆ, ‘ಯಾರನ್ನಾದರೂ ಗೊತ್ತು ಮಾಡಿ, ಕಾಯ್ತೀವಿ’ ಅಂತ ಅಲ್ಲೇ ಕೂತುಬಿಡಿ. ನಮಸ್ಕಾರ.