ಚೀಟಿಯಿಲ್ಲದೆ ಮಾತಾಡಿದ ಮೇಷ್ಟ್ರು

ಕೇಳುಗರೇ, ನಮಸ್ಕಾರ.

ನನ್ನ ಮುಂದೆ ಮೂರು ಹಾಳೆ ಇವೆ. ತಿರುವಿದ ಸದ್ದು ಮೈಕಿಗೆ ಸಿಗಬಾರದು ಅಂತ ಪಿನ್ ತೆಗೆದು ಬಿಡಿಬಿಡಿಯಾಗಿ ಇಟ್ಟುಕೊಂಡಿದ್ದೇನೆ. ಇವತ್ತು ಯಾರ ಬಗ್ಗೆ ಮಾತಾಡಲು ಬಂದೆನೋ, ಅವರಿಗೆ ಹಾಳೆಯೇ ಬೇಕಿರಲಿಲ್ಲ. 1957ರಲ್ಲಿ ಬ್ರಿಟನ್ನಿನ ಟೀವಿಯಲ್ಲಿ ಬೋ ಟೈ ಕಟ್ಟಿದ ಒಬ್ಬ ಮೇಷ್ಟ್ರು ಬಂದು ನಿಂತರು. ಕೈಯಲ್ಲಿ ಚೀಟಿ ಇಲ್ಲ. ರಷ್ಯಾದ ಕ್ರಾಂತಿಯ ಕಥೆಯನ್ನು ಒಂದೇ ಉಸಿರಿನಲ್ಲಿ ಎಂಬಂತೆ ಹೇಳಿ, ಹೊತ್ತಿಗೆ ಸರಿಯಾಗಿ ಮುಗಿಸಿ ಹೊರಟರು. ಅವರೇ ಚರಿತ್ರಕಾರ ಎ. ಜೆ. ಪಿ. ಟೇಲರ್.

ಹುಟ್ಟಿದ್ದು 1906ರಲ್ಲಿ, ಇಂಗ್ಲೆಂಡಿನ ಲಂಕಾಷೈರಿನಲ್ಲಿ. ಅಪ್ಪ ಹತ್ತಿ ವ್ಯಾಪಾರಿ. ಮನೆಯಲ್ಲಿ ದುಡ್ಡೂ ಇತ್ತು, ಎಡಪಂಥವೂ ಇತ್ತು! ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿ, 1938ರಲ್ಲಿ ಆಕ್ಸ್‌ಫರ್ಡಿಗೆ ಬಂದರು. ಹಿಟ್ಲರ್ ಜೊತೆ ರಾಜಿ ಬೇಡ ಅಂತ ಆ ವರ್ಷ ಸಭೆಗಳಲ್ಲಿ ಭಾಷಣ ಮಾಡಿದವರಲ್ಲಿ ಇವರೂ ಒಬ್ಬರು.

ಅಂಥವರೇ 1961ರಲ್ಲಿ ಎರಡನೇ ಮಹಾಯುದ್ಧ ಹುಟ್ಟಿದ ಬಗೆ ಕುರಿತು ಪುಸ್ತಕ ಬರೆದು ಬಿರುಗಾಳಿ ಎಬ್ಬಿಸಿದರು. ಹಿಟ್ಲರ್ ಮೊದಲೇ ಲೆಕ್ಕ ಹಾಕಿ ಯುದ್ಧ ತಂದ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಇಲ್ಲ, ವಿದೇಶಾಂಗದ ಮಟ್ಟಿಗೆ ಅವನು ಜರ್ಮನಿಯ ಹಿಂದಿನ ನಾಯಕರ ಹಾಗೇ ಇದ್ದ, ಸಿಕ್ಕ ಅವಕಾಶ ಬಾಚಿಕೊಂಡ, 1939ರ ಯುದ್ಧ ಎರಡೂ ಕಡೆಯ ಎಡವಟ್ಟು ಅಂದರು ಟೇಲರ್. ಯುದ್ಧ ಮುಗಿದು ಬರೀ 16 ವರ್ಷ ಆಗಿತ್ತು. ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಇದನ್ನು ಹೇಗೆ ಓದಿರಬೇಡ!

ನನಗೆ ಕೇಳಿದರೆ, ಪುಸ್ತಕದ ಒಂದು ಭಾಗ ಸರಿ. ಲಂಡನ್, ಪ್ಯಾರಿಸ್‌ಗಳ ತಪ್ಪನ್ನೂ ಅವರು ಎತ್ತಿ ತೋರಿಸಿದರು. ಆದರೆ ಹಿಟ್ಲರ್‌ನ ತಲೆಯಲ್ಲಿದ್ದ ಜನಾಂಗದ್ವೇಷವನ್ನು ರಾಜತಾಂತ್ರಿಕ ಪತ್ರಗಳಲ್ಲಿ ಹುಡುಕಿದರೆ ಸಿಗುತ್ತಾ? ಅಲ್ಲೇ ಅವರು ಜಾರಿದರು.

ಯೋಜನೆಗಿಂತ ಆಕಸ್ಮಿಕವೇ ಅವರಿಗೆ ಜಾಸ್ತಿ ಇಷ್ಟ. ಮೊದಲ ಮಹಾಯುದ್ಧಕ್ಕೂ ರೈಲ್ವೆ ವೇಳಾಪಟ್ಟಿಯೇ ಕಾರಣ ಅಂದರು. 1914ರ ಆಗಸ್ಟ್ 1ರಂದು ಜರ್ಮನಿಯ ಚಕ್ರವರ್ತಿ ಕೈಸರ್, ಸೈನ್ಯವನ್ನು ಫ್ರಾನ್ಸಿನ ಕಡೆ ಬೇಡ, ರಷ್ಯಾದ ಕಡೆ ತಿರುಗಿಸಿ ಅಂದ. ಸೇನಾಧಿಪತಿ ಮೋಲ್ಟ್‌ಕೆ ಆಗುವುದಿಲ್ಲ ಅಂದ. ಯಾವ ರೈಲು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗಬೇಕು ಅಂತ ಅಷ್ಟೊತ್ತಿಗೆ ಬರೆದಾಗಿತ್ತು. ವಾದ ಅತಿಯಾಯಿತು ಅನ್ನಿ, ಆದರೆ ಆ ದೃಶ್ಯ ಮರೆಯುವುದು ಕಷ್ಟ.

ಎರಡನೇ ಮಹಾಯುದ್ಧದ ಪುಸ್ತಕಕ್ಕಾಗಿ 1961ರಲ್ಲಿ ಅವರ ಮೇಲೆ ಮುಗಿಬಿದ್ದವರು ಆಕ್ಸ್‌ಫರ್ಡಿನವರೇ ಆದ ಚರಿತ್ರಕಾರ ಹ್ಯೂ ಟ್ರೆವರ್-ರೋಪರ್. ನಾಲ್ಕು ವರ್ಷದ ಹಿಂದೆ ಅಲ್ಲಿನ ಚರಿತ್ರೆಯ ದೊಡ್ಡ ಪ್ರಾಧ್ಯಾಪಕ ಹುದ್ದೆ ಟೇಲರ್‌ಗೆ ತಪ್ಪಿ ಇವರಿಗೆ ಸಿಕ್ಕಿತ್ತು. ಈ ಪುಸ್ತಕದಿಂದ ಟೇಲರ್ ಅವರ ಗಂಭೀರ ಚರಿತ್ರಕಾರ ಎಂಬ ಹೆಸರು ಕೆಡುತ್ತದೆ ಅಂತ ಬರೆದರು. ಅದಕ್ಕೆ ಟೇಲರ್, ನನ್ನ ಮಾತನ್ನು ಟ್ರೆವರ್-ರೋಪರ್ ಉಲ್ಲೇಖಿಸುವ ರೀತಿ ನೋಡಿದರೆ ಅವರ ಹೆಸರೂ ಕೆಡಬಹುದು, ಅಂಥ ಹೆಸರೊಂದು ಇದ್ದರೆ, ಅಂತ ತಿರುಗೇಟು ಕೊಟ್ಟರು.

1983ರಲ್ಲಿ ಹಿಟ್ಲರ್‌ನ ಡೈರಿಗಳು ಸಿಕ್ಕಿವೆ ಅಂತ ಜರ್ಮನಿಯಲ್ಲಿ ಸುದ್ದಿಯಾಯಿತು. ಅಸಲಿ ಅಂತ ಒಪ್ಪಿದವರು ಟ್ರೆವರ್-ರೋಪರ್. ಎರಡು ವಾರದಲ್ಲಿ ಪರೀಕ್ಷೆಯ ವರದಿ ಬಂತು, ಎಲ್ಲವೂ ನಕಲಿ. ಟೇಲರ್‌ಗೆ ಆಗ 77. ಇನ್ನೂ ಏಳು ವರ್ಷ ಬದುಕಿದ್ದರು.