ಎಡ ಯಾರದು, ಬಲ ಯಾರದು?

ನಮಸ್ಕಾರ ಕೇಳುಗರೇ. ವಿಜಯಪುರದ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ನನ್ನ ಕೆಲಸ. ಹೊಟ್ಟೆಯ ಸಿಟಿ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದವರು ಕೇಳುವ ಮಾತೊಂದಿದೆ: "ಸಾಹೇಬ್ರ, ಲಿವರ್ ಬಲಗಡಿ ಇರ್ತೈತಿ ಅಂತಾರ, ಇದ್ರಾಗ ಎಡಗಡಿ ಕಾಣಾಕತ್ತೈತಲ್ರಿ?" ಕೇಳುವುದು ಸರಿಯೇ. ಫಿಲ್ಮೂ ಸರಿಯಾಗಿಯೇ ಇರುತ್ತದೆ.

ವೈದ್ಯರ ಲೆಕ್ಕದಲ್ಲಿ ಎಡ, ಬಲ ಅಂದರೆ ಯಾವಾಗಲೂ ರೋಗಿಯ ಎಡ, ಬಲ. ನೋಡುವವರದಲ್ಲ. ನಿಮ್ಮೆದುರು ಒಬ್ಬರು ಮುಖ ಮಾಡಿ ನಿಂತರೆ ಅವರ ಬಲಗೈ ನಿಮ್ಮ ಎಡಕ್ಕೆ ಬರುತ್ತದೆ, ಅಲ್ವಾ? ಎದೆಯ ಎಕ್ಸ್‌ರೇಯನ್ನು ಹಾಗೇ ಇಟ್ಟು ನೋಡುತ್ತಾರೆ. ಸಿಟಿಯಲ್ಲಿ ಅಡ್ಡ ಕೊಯ್ದಂತೆ ಕಾಣುವ ಚಿತ್ರವನ್ನು ಅಂಗಾತ ಮಲಗಿದವರ ಕಾಲ ಕಡೆ ನಿಂತು ತಲೆಯತ್ತ ನೋಡಿದ ಹಾಗೆ ಓದಬೇಕು. ಅದಕ್ಕೇ ಲಿವರ್ ಎಡಕ್ಕೆ. ಗೊಂದಲ ಬೇಡವೆಂದು ಫಿಲ್ಮಿನ ಮೇಲೆ ರೋಗಿಯ ಬಲಕ್ಕೆ ‘ಆರ್’ ಅಥವಾ ಎಡಕ್ಕೆ ‘ಎಲ್’ ಅಕ್ಷರ ಇರುತ್ತದೆ. ಮೊದಲು ಅದನ್ನು ಹುಡುಕಿ.

ಮೇಲೆ, ಕೆಳಗೆ, ಮುಂದೆ, ಹಿಂದೆ ಅನ್ನುವುದಕ್ಕೂ ಒಂದು ಕಟ್ಟುಪಾಡು ಬೇಕಲ್ಲ? ಮನುಷ್ಯ ಕೂರುತ್ತಾನೆ, ಬಾಗುತ್ತಾನೆ, ಮಲಗುತ್ತಾನೆ. ಹಾಗಾಗಿ ಒಂದೇ ನಿಲುವನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ನೆಟ್ಟಗೆ ನಿಲ್ಲಬೇಕು. ಮುಖ ಮುಂದಕ್ಕೆ, ಪಾದಗಳೂ ಮುಂದಕ್ಕೆ. ಕೈ ಪಕ್ಕದಲ್ಲಿ ಇಳಿಬಿಟ್ಟಿರಬೇಕು, ಅಂಗೈ ಮಾತ್ರ ಮುಂದಕ್ಕೆ ತಿರುಗಿರಬೇಕು.

ಅಂಗೈ ಯಾಕೆ ಮುಂದಕ್ಕೆ? ಈಗಲೇ ನೋಡಿ ಬಿಡಿ. ಒಂದು ಕೈಯಿಂದ ಇನ್ನೊಂದು ಮುಂಗೈಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಹಿಡಿಸಿಕೊಂಡ ಕೈಯ ಅಂಗೈಯನ್ನು ಮುಂದೆ ಹಿಂದೆ ತಿರುಗಿಸಿ. ಒಳಗೆ ಏನೋ ಹೊರಳಿದ್ದು ಗೊತ್ತಾಗುತ್ತದೆ. ಮುಂಗೈಯಲ್ಲಿ ಎರಡು ಎಲುಬುಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಅಂಗೈ ಮುಂದಕ್ಕಿದ್ದಾಗ ಎರಡೂ ಜೋಡಿಯಾಗಿ ನಿಂತಿರುತ್ತವೆ. ಹಿಂದಕ್ಕೆ ತಿರುಗಿಸಿದರೆ ರೇಡಿಯಸ್ಸು ಅಲ್ನಾದ ಮೇಲೆ ಅಡ್ಡ ಬರುತ್ತದೆ. ಆಗ ಯಾವುದು ಒಳಗಿನದು, ಯಾವುದು ಹೊರಗಿನದು ಅಂತ ಹೇಳುವುದು?

ಈ ನಿಲುವಿನಿಂದಲೇ ರಿಪೋರ್ಟಿನ ಮಾತುಗಳು ಹುಟ್ಟುತ್ತವೆ. ಆಂಟೀರಿಯರ್ ಅಂದರೆ ಮುಂಭಾಗ, ಪೋಸ್ಟೀರಿಯರ್ ಅಂದರೆ ಹಿಂಭಾಗ. ಮೀಡಿಯಲ್ ಮೈಯ ನಡುಗೆರೆಯ ಕಡೆಗೆ, ಲ್ಯಾಟರಲ್ ಹೊರಮಗ್ಗುಲಿಗೆ. ಕೈಕಾಲಿಗೆ ಇನ್ನೊಂದು ಜೋಡಿ ಇದೆ. ಮುಂಡದ ಕಡೆಯ ತುದಿ ಪ್ರಾಕ್ಸಿಮಲ್, ಬೆರಳಿನ ಕಡೆಯದು ಡಿಸ್ಟಲ್. ಕೆಸರಿನಲ್ಲಿ ಜಾರಿ ಅಂಗೈ ಊರಿ ಬಿದ್ದವರ ರಿಪೋರ್ಟಿನಲ್ಲಿ ‘ಡಿಸ್ಟಲ್ ರೇಡಿಯಸ್ ಫ್ರ್ಯಾಕ್ಚರ್’ ಅಂತ ಇದ್ದರೆ, ಮಣಿಕಟ್ಟಿನ ಹತ್ತಿರ, ಹೆಬ್ಬೆರಳ ಕಡೆಯ ಎಲುಬು ಮುರಿದಿದೆ ಎಂದರ್ಥ. ಅಬ್ರಹಾಂ ಕೋಲೀಸ್ ಎಂಬ ಐರ್ಲೆಂಡಿನ ವೈದ್ಯ ಈ ಮುರಿತವನ್ನು ವಿವರಿಸಿದ್ದು 1814ರಲ್ಲಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಬರೀ ಕೈಯಿಂದ ಮುಟ್ಟಿ ತಿಳಿದ ಮನುಷ್ಯ! ಯಂತ್ರದ ಪಕ್ಕ ನಿಲ್ಲುವ ನನಗೆ ಇದು ಸ್ವಲ್ಪ ನಾಚಿಕೆಯ ಸಂಗತಿಯೇ.

ಶವ ಮೇಜಿನ ಮೇಲೆ ಮಲಗಿದ್ದರೂ ಅದನ್ನು ನಿಂತ ಹಾಗೇ ವಿವರಿಸುತ್ತಾರೆ. ಮಲಗಿದಾಗ ಎದೆ ಛಾವಣಿಯ ಕಡೆಗಿದ್ದರೂ ತಲೆಯೇ ‘ಮೇಲೆ’. ವೈದ್ಯ ವಿದ್ಯಾರ್ಥಿಗಳು ಇದನ್ನು ಕಲಿಯುವುದು ದಾನಿಗಳ ದೇಹದ ಮೇಲೆ. ಬೆಳಗಾವಿಯಲ್ಲಿ 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ದೇಹದಾನ ಮಾಡಿದ ತಮ್ಮ ತಂದೆಯ ದೇಹವನ್ನೇ ತಂದೆಯ ಇಚ್ಛೆಯಂತೆ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ತಂದೆ ಬೈಲಹೊಂಗಲದಲ್ಲಿ ವೈದ್ಯರಾಗಿದ್ದವರು.

ದನದ ಡಾಕ್ಟರ ಲೆಕ್ಕ ಬೇರೆ. ಎತ್ತಿನ ಹೊಟ್ಟೆ ನೆಲದ ಕಡೆಗಿರುತ್ತದೆ, ತಲೆ ಮುಂದಕ್ಕೆ. ಹಾಗಾಗಿ ಅವರು ತಲೆಯ ಕಡೆ, ಬಾಲದ ಕಡೆ, ಬೆನ್ನಿನ ಕಡೆ, ಹೊಟ್ಟೆಯ ಕಡೆ ಅಂತ ಹೇಳುತ್ತಾರೆ.

ಇನ್ನು ಸ್ಕ್ಯಾನಿನ ಸಮತಲಗಳು. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದಂತೆ ಮೈಯನ್ನು ಅಡ್ಡಕ್ಕೆ ತೋರಿಸುವುದು ಏಕ್ಸಿಯಲ್. ಕಿವಿಯಿಂದ ಕಿವಿಗೆ ಗೆರೆ ಎಳೆದು ಮುಂಭಾಗ, ಹಿಂಭಾಗ ಬೇರೆ ಮಾಡಿದರೆ ಕೊರೋನಲ್. ಮೂಗಿನ ನೇರಕ್ಕೆ ಉದ್ದ ಸೀಳಿದಂತೆ ಎಡ, ಬಲ ಬೇರೆ ಮಾಡಿದರೆ ಸ್ಯಾಜಿಟಲ್. ಸೊಂಟ ನೋವಿನವರ ಎಂಆರ್‌ಐನಲ್ಲಿ ಬೆನ್ನುಮೂಳೆಯ ಮಣಿಗಳು ಒಂದರ ಮೇಲೊಂದು ಕೂತಿರುತ್ತವಲ್ಲ, ಅದು ಸ್ಯಾಜಿಟಲ್ ಚಿತ್ರ. ಡಿಸ್ಕ್, ಅಂದರೆ ಮಣಿಗಳ ನಡುವಿನ ಮೆತ್ತೆ, ಹಿಂದಕ್ಕೆ ಸರಿದದ್ದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಒತ್ತುತ್ತಿರುವುದು ಎಡಗಾಲಿನ ನರವನ್ನೋ ಬಲಗಾಲಿನದನ್ನೋ ಎಂದು ತಿಳಿಯಲು ಅಡ್ಡ ಚಿತ್ರ ನೋಡಬೇಕು. ಇಷ್ಟೊಂದು ಫೋಟೋ ಸುಮ್ನೆ ತೆಗೆಯುವುದಿಲ್ಲ.

ಮಲಗುವ ವಿಷಯ ಒಂದಿದೆ. ‘ಸುಪೈನ್’ ಅಂದರೆ ಅಂಗಾತ, ‘ಪ್ರೋನ್’ ಅಂದರೆ ಬೋರಲು. ಕೊರೊನಾ ಕಾಲದಲ್ಲಿ ಆಕ್ಸಿಜನ್ ಕಡಿಮೆಯಾದವರನ್ನು ಬೋರಲು ಮಲಗಿಸುತ್ತಿದ್ದರು, ನೆನಪಿರಬಹುದು. ಬೆನ್ನಿನ ಕಡೆಯ ಶ್ವಾಸಕೋಶಕ್ಕೆ ಗಾಳಿ ಚೆನ್ನಾಗಿ ಹೋಗಲಿ ಎಂದು. ತುಂಬು ಗರ್ಭಿಣಿಯರಿಗೆ ಮಾತ್ರ ಅಂಗಾತ ಬಹಳ ಹೊತ್ತು ಮಲಗುವುದು ಒಳ್ಳೆಯದಲ್ಲ. ಕೆಳಗಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಬೆನ್ನುಮೂಳೆಯ ಬಲಕ್ಕಿದೆ. ಗರ್ಭದ ಭಾರ ಅದರ ಮೇಲೆ ಬಿದ್ದರೆ ತಲೆ ಸುತ್ತು ಬರುತ್ತದೆ. ಸೋನೋಗ್ರಫಿ ಮೇಜಿನ ಮೇಲೆ ಹಾಗೆ ಆದರೆ ನಾಚಿಕೊಳ್ಳದೆ ಹೇಳಿ ತಾಯಂದಿರೇ, ನಿಮ್ಮ ಎಡ ಮಗ್ಗುಲಿಗೆ ತಿರುಗಿಸಿ ಮಲಗಿಸುತ್ತಾರೆ. ನಮಸ್ಕಾರ.